ಗೋಣಿ ಸುತ್ತಿದ ಗಾಲಿಗಳು

ಗಾಲಿಗೆ ಸುತ್ತಿದ್ದ ಗೋಣಿಪಟ್ಟಿ ಬಿಚ್ಚಿ ಬಿತ್ತು. ಒಳಗಿನ ಟೈರು ಬೋಳು. ಸವೆದು ನೂಲು ಹೊರಗೆ ಬಂದಿತ್ತು. ಉಳಿದ ಮೂರೂ ಹಾಗೆಯೇ. ಡಾಕ್ಟರ್ ಗೌರಾಬಾಯಿ ಪರ್ಮಿಟ್ ಹಿಡಿದು ಅಲೆದಾಡಿ ಖರೀದಿಸಿದ್ದ ನಾಲ್ಕು ಹೊಸ ಟೈರುಗಳು ಮಾಯವಾಗಿದ್ದವು.

೧೯೪೩ರ ಪುಣೆ. ಯುದ್ಧದ ಕಾಲದಲ್ಲಿ ಹೊಸ ಟೈರು ಸುಲಭಕ್ಕೆ ಸಿಗುತ್ತಿರಲಿಲ್ಲ. ಪೆಟ್ರೋಲಿಗೂ ರೇಷನ್. ಧಾರವಾಡದಲ್ಲಿ ಹೆರಿಗೆ ಆಸ್ಪತ್ರೆ ತೆರೆಯಲು ಹೊರಟಿದ್ದ ಗೌರಾಬಾಯಿ ಕಾರನ್ನು ಗೂಡ್ಸ್ ರೈಲಿನ ತೆರೆದ ವ್ಯಾಗನ್ನಿಗೆ ಏರಿಸಿದ್ದಳು. ಎರಡು ದಿನ ವ್ಯಾಗನ್ ಹೊರಡಲಿಲ್ಲ. ಇವತ್ತು ದೇಹೂ ರೋಡಿನ ಮಿಲಿಟರಿ ಸಾಮಾನಿಗೆ ಅದೇ ವ್ಯಾಗನ್ ಬೇಕೆಂದು ಕಾರನ್ನು ಇಳಿಸಿದ್ದರು.

"ಎರಡು ದಿನ ಇದರ ಕಾವಲಿಗೆ ಇದ್ದಾಂವ ಯಾರು?" ಗ್ಯಾರೇಜಿನ ಲೋಕನಾಥ ಕೇಳಿದ. ಕಾರನ್ನು ಕಟ್ಟಿ ಸಿದ್ಧಮಾಡಿ, ಖಾಲಿ ಲಾರಿಯ ಮೇಲೆ ಹೇರಿ ಗೂಡ್ಸ್ ಯಾರ್ಡಿಗೆ ತಂದವನು ಅವನೇ. "ನಿಮ್ಮ ಡ್ರೈವರ್ ಕಾಡಪ್ಪ. ಮತ್ತ ಯಾರನ್ನ ಹುಡುಕ್ತೀರಿ?"

ಪೊಲೀಸ್ ಫೌಜದಾರ ಬಾಳಕೃಷ್ಣ ಬಂದ. ಕಾಲು ಗಂಟೆಯಲ್ಲಿ ಕಾಡಪ್ಪನ ಕೈಗೆ ಬೇಡಿ ಬಿತ್ತು.

"ಬಾಯಾರ, ನಾ ಮುಟ್ಟಿಲ್ರಿ!"

ಹನ್ನೊಂದು ವರ್ಷ ಕಾರು ಓಡಿಸಿದವನು. ಗೌರಾಬಾಯಿ ಒಂದು ಕ್ಷಣ ಅನುಮಾನಿಸಿದಳು. ಆ ಕ್ಷಣದಲ್ಲೇ ಅವನನ್ನು ಎಳೆದೊಯ್ದರು.

* * *

ಅನುಮಾನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಯಾರ್ಡಿನಲ್ಲೇ ನಿಂತು ಯೋಚಿಸಿದಳು.

ಹದಿನೈದು ದಿನದ ಹಿಂದೆ ಲೋಕನಾಥನೇ ಹೇಳಿದ್ದ: "ರೈಲು ಯಾಕ್ರಿ? ನನ್ನ ಲಾರಿ ಸಾಮಾನು ತುಂಬಿಕೊಂಡು ಹುಬ್ಬಳ್ಳಿಗೆ ಹೊಂಟದ. ಹಿಂದ ಕಟ್ಟಿ ಎಳಕೊಂಡು ಒಯ್ತೀನಿ." ಕಾರು ಪುಣೆಯ ಹೊರಗೆ ಕೊಂಢವಾದಲ್ಲಿದ್ದ ಅವನ ಗ್ಯಾರೇಜಿನಲ್ಲಿ ಮೂರು ದಿನ ನಿಂತಿತು. ಆಮೇಲೆ ಅವನ ಮಾತೇ ಬದಲು: "ಎಳಿಯೋದು ಬ್ಯಾಡ್ರಿ. ಘಾಟಿನಾಗ ಹಗ್ಗ ಹರಿದ್ರ ಗಾಡಿ ಕೆಳಗ ಹೋಗ್ತದ. ರೈಲೇ ಚಲೋ."

ಘಾಟು ಮೊದಲೂ ಅಲ್ಲೇ ಇತ್ತಲ್ಲ. ಕೈಗೆ ಬಂದ ಬಾಡಿಗೆಯನ್ನು ಈತ ರೈಲಿಗೆ ಯಾಕೆ ಬಿಟ್ಟ?

ಅವಳು ಗೂಡ್ಸ್ ಕ್ಲಾರ್ಕ್ ನಿಜಲಿಂಗಪ್ಪನ ಮೇಜಿಗೆ ನೇರ ಹೋದಳು.

"ಕಾರನ್ನ ಹೆಂಗ ಬಿಗಿದಿದ್ರಿ?"

"ಪ್ರತಿ ಗಾಲಿಗೂ ಕಡ್ಡಿಗಳ ನಡುವೆ ಹಗ್ಗ ತೂರಿಸಿ, ಗೋಣಿ ಮ್ಯಾಲಿಂದ ಸುತ್ತಿ, ವ್ಯಾಗನ್ನಿಗೆ ಬಿಗಿದಿದ್ದೆ. ಗಂಟಿಗೆ ಸೀಸದ ಮುದ್ರೆ. ಏರಿಸಿದ ದಿನಾನೇ."

"ಇವತ್ತು ಆ ಮುದ್ರೆ?"

"ನಾಲ್ಕೂ ನೆಟ್ಟಗ ಇದ್ದವು. ನಾನೇ ಕತ್ತರಿಸಿ ರಿಜಿಸ್ಟರಿನಾಗ ಬರದೀನಿ."

"ಮುದ್ರೆ ಮುರೀದಂಗ ಗಾಲಿ ತಗೀಬಹುದೇನು?"

"ಗಾಲಿ ದೂರ ಉಳೀತು, ಗೋಣಿ ಸೈತ ಬಿಚ್ಚಾಕ ಬರೂದಿಲ್ರಿ."

"ಇದನ್ನ ಫೌಜದಾರಗ ಹೇಳಿದ್ರೇನು?"

"ಅವರು ಕೇಳಲೇ ಇಲ್ರಿ."

ಗೌರಾಬಾಯಿ ರಿಜಿಸ್ಟರನ್ನು ಎತ್ತಿಕೊಂಡಳು. "ಹಂಗಾದ್ರ ನಡೀರಿ. ಈಗ ಕೇಳ್ತಾರ."

* * *

ಠಾಣೆಯಲ್ಲಿ ಲೋಕನಾಥ ಫೌಜದಾರನ ಎದುರು ಕೂತು ಚಹಾ ಕುಡಿಯುತ್ತಿದ್ದ.

"ಲೋಕನಾಥ, ಗೋಣಿ ಸುತ್ತಿದ್ದು ಯಾರು?"

"ನಾನೇ ಸುತ್ತಿಸೇನಿ, ಬಾಯಾರ. ಬಿಸಿಲಿಗೆ ರಬ್ಬರು ಒಡೀಬಾರದು ಅಂತ."

"ಎಲ್ಲಿ?"

"ಗ್ಯಾರೇಜಿನಾಗ."

"ಕೇಳಿದ್ರಲ್ಲ, ಫೌಜದಾರ್ರ?" ಅವಳು ರಿಜಿಸ್ಟರನ್ನು ಮೇಜಿನ ಮೇಲೆ ಕುಕ್ಕಿದಳು. "ಗೋಣಿ ಸುತ್ತಿದ್ದು ಗ್ಯಾರೇಜಿನಾಗ. ಅದರ ಮ್ಯಾಲೆ ಹಗ್ಗ, ಹಗ್ಗಕ್ಕ ಮುದ್ರೆ. ಮುದ್ರೆ ಮುರಿದಿಲ್ಲ. ಅಂದ್ರ ಬೋಳು ಟೈರು ಯಾರ್ಡಿಗೆ ಬರೂ ಮೊದಲೇ ಒಳಗಿದ್ದವು. ಕಾರು ಲಾರಿ ಹಿಂದ ಹೋಗಿದ್ರ ಗೋಣಿ ಬಿಚ್ಚಬೇಕು, ಗಾಲಿ ಉರುಳಬೇಕು. ಇಂಥಾ ಟೈರು ಹತ್ತು ಮೈಲಿನಾಗ ಒಡೀತಿದ್ದವು. ವ್ಯಾಗನ್ ಮ್ಯಾಲೆ ಗಾಲಿ ಉರುಳೂದಿಲ್ಲ. ಧಾರವಾಡದಾಗ ಬಿಚ್ಚಿದ ಮ್ಯಾಲೆ ನಾ ರೈಲಿನವರನ್ನ ಬೈಕೋತ ಕೂಡ್ತಿದ್ದೆ. ಅದಕ್ಕ ಈ ಮನಿಷಾ ತನ್ನ ಬಾಡಿಗೀನೇ ಬಿಟ್ಟುಕೊಟ್ಟ!"

"ಸುಳ್ಳು!" ಲೋಕನಾಥ ಎದ್ದುನಿಂತ. ಚಹಾ ಅಂಗಿಯ ಮೇಲೆ ಚೆಲ್ಲಿತು.

"ಟೈರಿನ ನಂಬರು ನನ್ನ ಪರ್ಮಿಟ್ ಮ್ಯಾಲೆ ಅದಾವ. ಗ್ಯಾರೇಜು ಹುಡುಕಿಸ್ರಿ."

ಹುಡುಕಿಸಿದರು. ಮಧ್ಯಾಹ್ನದೊಳಗೆ ಎರಡು ಟೈರು ಸಿಕ್ಕವು, ಗ್ಯಾರೇಜಿನ ಹಿಂದಿನ ಹುಲ್ಲಿನ ಬಣವೆಯ ಒಳಗೆ. ನಂಬರು ತಾಳೆಯಾಯಿತು. ಉಳಿದೆರಡನ್ನು ಶಿರೂರಿನ ಕಡೆ ಮಾರಿದ್ದೇನೆಂದು ಲೋಕನಾಥ ಬಾಯಿಬಿಟ್ಟ.

ಕಾಡಪ್ಪನನ್ನು ಹೊರಗೆ ತಂದರು. ಬಲಗೈ ಬಾತು ನೀಲಿಗಟ್ಟಿತ್ತು.

"ತಪ್ಪು ಆಗೇದ ಬಾಯಾರ," ಬಾಳಕೃಷ್ಣ ನಗಲು ನೋಡಿದ. "ಕರಕೊಂಡು ಹೋಗ್ರಿ."

ಗೌರಾಬಾಯಿ ಅವನ ಕುರ್ಚಿಯಲ್ಲೇ ಕೂತಳು. ಕಾಡಪ್ಪನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎರಡು ಮುರಿದಿದ್ದವು. "ಕಾಡಪ್ಪಾ, ನಾ ಅನುಮಾನಪಟ್ಟೆ. ತಪ್ಪು ನಂದು," ಎಂದಳು. ಆಮೇಲೆ ಕಾಗದ ಎಳೆದುಕೊಂಡು ಬರೆಯತೊಡಗಿದಳು: ಹೆಸರು, ವಯಸ್ಸು, ಗಾಯ, ಗಾಯವಾದ ಜಾಗ.

"ಇದೇನ್ರಿ?"

"ಡಾಕ್ಟರ್ ಸರ್ಟಿಫಿಕೇಟು. ಬೆರಳು ಮುರಿದದ್ದು ಈ ಠಾಣೆಯೊಳಗ ಅಂತ ಬರದೀನಿ." ಅವಳು ಪೆನ್ನನ್ನು ಫೌಜದಾರನತ್ತ ಚಾಚಿದಳು. "ಓದಿ ಸಹಿ ಮಾಡ್ರಿ. ಇದು ಕಲೆಕ್ಟರಿಗೆ ಹೋಗೂದದ."