ಬಲಗಿವಿಯೊಂದು ಬಾಕಿ

"ಇವತ್ತೂ ಕಿವಿ ಕೆತ್ತಲಿಲ್ವಾ?" ಲುದಿಯಾ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

ಭತ್ತದ ಕಣಜದ ನೆರಳಲ್ಲಿ ಕೂತಿದ್ದ ಸಾಂಪೆ ತಲೆಯೆತ್ತಲಿಲ್ಲ. ಅವನ ತೊಡೆಗೊರಗಿದ್ದ ಹಲಸಿನ ಮರದ ಬೊಂಬೆಗೆ ಲುದಿಯಾಳ ಗಂಡ ದೆಮ್ಮನದೇ ಮುಖ. ಬಲಗಿವಿಯೊಂದು ಬಾಕಿ.

"ಮರ ಇನ್ನೂ ಹಸಿ. ನಾಳೆ ನೋಡೋಣ."

"ನಾಳೆ ಅಂದೋನ ಮನೆ ಹಾಳು! ಹೋದ ತಿಂಗಳು ಮರ ತೀರಾ ಒಣಗಿದೆ ಅಂದಿದ್ದೆ."

ಅವನ ತುಟಿಯಂಚಿನಲ್ಲಿ ನಗು ಮಿನುಗಿತು. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಕಾಣದ ದಿನ ಇನ್ನೂ ಹೆಚ್ಚು ಉರಿ.

ದೆಮ್ಮನ ಉಸಿರು ನಿಂತು ವರ್ಷ ಕಳೆದಿತ್ತು. ಆದರೆ ತೋರಾಜಾ ಜನರ ಮನೆಗಳಲ್ಲಿ ಉತ್ತರಕ್ರಿಯೆ ಆಗುವವರೆಗೆ ಯಾರೂ ಸತ್ತವರಲ್ಲ, ಬರೀ ಕಾಯಿಲೆಯವರು. ಕೆಡದಂತೆ ಮದ್ದು ಹಾಕಿ ಒಳಕೋಣೆಯಲ್ಲಿ ಮಲಗಿಸಿದ್ದ ಅವನಿಗೆ ಲುದಿಯಾ ಹೊತ್ತುಹೊತ್ತಿಗೆ ಅನ್ನ, ಕಾಫಿ ಇಡಬೇಕು. ಕಣ್ಣು ತುಂಬಿದರೆ ಅತ್ತೆ ಗದರುವಳು: "ಕಾಯಿಲೆ ಮನುಷ್ಯನ ಮುಂದೆ ಅಳ್ತಾರೇನೇ?" ನೆಂಟರು ಸಿದ್ಧ, ಬಲಿಯ ಕೋಣಗಳೂ ಸಿದ್ಧ. ಸಮಾಧಿಯ ಬಳಿ ನಿಲ್ಲಿಸುವ ಈ ಬೊಂಬೆಯಿಲ್ಲದೆ ಮಾತ್ರ ಅವನನ್ನು ಕಳಿಸುವಂತಿಲ್ಲ.

"ಅವನ ಗೆಳೆಯ ಅಂತ ನಿನಗೆ ಈ ಕೆಲಸ ಕೊಟ್ಟಿದ್ದೇ ತಪ್ಪಾಯ್ತು. ಕೈಲಾಗಲ್ಲ ಅಂದ್ರೆ ಹೇಳು, ಬೇರೆಯವರಿಗೆ ಕೊಡ್ತೀನಿ."

ಸಾಂಪೆ ಉಳಿ ಕೆಳಗಿಟ್ಟ. "ಮುಗಿಸಿದ್ರೆ, ಆಮೇಲೆ ಈ ಮನೆಗೆ ಏನಂತ ಬರಲಿ, ಲುದಿಯಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ನೋಡೋಕೆ ನಿನಗೊಂದು ನೆಪ ಬೇಕು ಅಂತ ನಾನು ಅಳು ನುಂಗ್ಕೊಂಡು ಕೂತಿದ್ದೀನಾ? ಅವನು ಸತ್ತಿದಾನೆ ಅಂತ ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ ಇಲ್ಲಿ! ಮುಗಿಸು. ಅವನನ್ನ ಕಳಿಸಿ, ಎದೆ ಹಗುರಾಗೋವರೆಗೂ ಅಳ್ತೀನಿ. ಆಮೇಲೆ..." ದನಿ ತಗ್ಗಿತು. "ಆಮೇಲೆ ನೆಪ ಇಲ್ದೇ ಬಾ."

ಸಾಂಪೆಯ ಮುಖ ಕೆಂಪಾಯಿತು. ಉಳಿ ಎತ್ತಿಕೊಂಡ.

ಲುದಿಯಾ ಕಾಫಿ ಹಿಡಿದು ಒಳಕೋಣೆಗೆ ಹೋದಳು. "ಇನ್ನೇನು, ಹೊರಡ್ತೀಯ ಕಣೋ," ಎಂದು ದೆಮ್ಮನ ತಲೆದೆಸೆಯಲ್ಲಿ ಕೂತಳು. ಹೊರಗೆ ಉಳಿಯ ಸದ್ದು ಬಿರುಸಾಗಿ ಕೇಳುತ್ತಿತ್ತು. ಸಾಂಪೆ ಎಂದೂ ಇಷ್ಟು ಬೇಗ ಬೇಗ ಕೆತ್ತಿದವನಲ್ಲ. ಆ ಸದ್ದು ನಿಂತರೆ ದೆಮ್ಮ ನಿಜಕ್ಕೂ ಸತ್ತಂತೆ. ಅವಳು ಕಾಫಿ ಅಲ್ಲೇ ಕೆಳಗಿಟ್ಟಳು.

ಎದ್ದು ಕಿಟಕಿಗೆ ಓಡಿದಳು.

"ಸಾಂಪೆ! ಇವತ್ತಿಗೆ ಸಾಕು. ಕಾಫಿ ಕುಡ್ಕೊಂಡು ಹೋಗು. ಕಿವಿ... ನಾಳೆ ಮುಗಿಸು."

"ನಾಳೆ ಅಂದೋರ ಮನೆ ಹಾಳು," ಎಂದ ಸಾಂಪೆ ಮೆಲ್ಲಗೆ. ಈ ಸಲ ನಗಲಿಲ್ಲ.

"ಹಾಳಾಗ್ಲಿ ಬಿಡು," ಎಂದಳು ಲುದಿಯಾ, ಕೆನ್ನೆ ಒರೆಸಿಕೊಳ್ಳುತ್ತ. "ಇದೊಂದು ದಿನ ಅವನು ಇರ್ಲಿ."