ಪೆಟ್ಟಿಗೆಯೊಳಗೆ ಹೋದ ಬೆಣೆ

ನನಗೆ ಭ್ರಮೆ ಎನ್ನುವವರು ನನ್ನ ಮೈದುನ ಗಾಸ್ತೋನನ್ನು ಕೇಳಲಿ. ಮೊದಲು ನೋಡಿದ್ದು ಅವನೇ.

ನನ್ನ ಗಂಡ ಫೆರ್ನಾ, ಫ್ರಾನ್ಸಿನ ಮಿರ್ಕೂರ್ ಊರಿನಲ್ಲಿ ಹಳೇ ಮಾದರಿಯ ಚೆಲ್ಲೊ ಎಂಬ ದೊಡ್ಡ ಪಿಟೀಲಿನ ಕಮಾನುಗಳನ್ನು ಹಾವಿನ ಮೈಯಂಥ ಮಚ್ಚೆಗಳಿರುವ ಕೆಂಪು ಮರದಲ್ಲಿ ಕೆತ್ತುತ್ತಿದ್ದ. ಅವಕ್ಕೆ ತಿರುಪಿಲ್ಲ, ಕೋಲಿಗೂ ಕುದುರೆಕೂದಲಿಗೂ ನಡುವೆ ಬೆಣೆ ಸಿಕ್ಕಿಸಿದರೆ ಕೂದಲು ಬಿಗಿಯುತ್ತದೆ. ನುಡಿಸಿದ ಮೇಲೆ ಬೆಣೆ ತೆಗೆಯಲು ನಾನು ಸದಾ ಮರೆಯುತ್ತಿದ್ದೆ.

"ಕೋಲಿಗೂ ಸುಸ್ತಾಗುತ್ತೆ ಕಣೇ, ಮಲಗಿಸೇ ಅದನ್ನ," ಎಂದು ಬೈದು ಅವನೇ ಟಕ್ಕೆಂದು ಕಿತ್ತಿಡುತ್ತಿದ್ದ.

ಅವನು ಹೋದಾಗ, ನನ್ನ ಕಮಾನಿನ, ಮೂಲೆ ಸೀಳಿದ್ದ ಬೆಣೆಯನ್ನು ಅವನ ಅಂಗೈಯಲ್ಲಿಟ್ಟು, ಶವಪೆಟ್ಟಿಗೆಗೆ ಮೊಳೆ ಹೊಡೆಯುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಇನ್ನು ಯಾರಿಗೆಂದು ನುಡಿಸಲಿ? ಕೂದಲು ಜೋತುಬಿದ್ದ ಕಮಾನು ಗೋಡೆಯಲ್ಲೇ ಉಳಿಯಿತು.

ಮೊನ್ನೆ ಭಾನುವಾರ ಮಧ್ಯಾಹ್ನ ಗಾಸ್ತೋ ಸೂಪು ಕುಡಿಯುತ್ತಾ ತಲೆಯೆತ್ತಿದ. "ಅತ್ತಿಗೆ, ಅದನ್ನ ಯಾಕೆ ಬಿಗಿದಿಟ್ಟಿದೀರಿ? ಅಣ್ಣ ಇದ್ದಿದ್ರೆ ಜನ್ಮ ಜಾಲಾಡಿಬಿಡ್ತಿದ್ದ!"

ತಿರುಗಿ ನೋಡಿದೆ. ಕೂದಲು ಸೆಟೆದು ನಿಂತಿತ್ತು. ಅದಕ್ಕೆ ಹೊಸದಾಗಿ ರಾಳ ಉಜ್ಜಿದ ಗುರುತಿತ್ತು. ಹತ್ತಿರ ಹೋಗಿ ಮುಟ್ಟಿದೆ. ಕೋಲು, ಈಗಷ್ಟೇ ಯಾರೋ ಹಿಡಿದಿದ್ದಂತೆ ಬೆಚ್ಚಗಿತ್ತು. ಮೂಲೆ ಸೀಳಿದ ಅದೇ ಬೆಣೆ ಮಾತ್ರ ಹಿಮದಂತೆ ಕೊರೆಯುತ್ತಿತ್ತು.

ನಾನದನ್ನು ಕಿತ್ತಿಡಲಿಲ್ಲ. ಬಿಗಿದಿಟ್ಟು ಮರೆತದ್ದು ಈ ಸಲ ನಾನಲ್ಲ.