ತೊಳೆಯಬಾರದ ಜಾಕೆಟ್

"ತೊಳೆದುಬಿಟ್ರಾ?"

ಆ ಮನುಷ್ಯ ಕೇಳಿದ್ದು ಇಷ್ಟೇ. ಕೇಳಿದ ರೀತಿ ನೋಡಿದರೆ ನಾನು ಅವರ ಮನೆಗೆ ಬೆಂಕಿ ಇಟ್ಟೆ ಅನ್ನಬೇಕು.

"ಹೂಂ, ತೊಳೆದೆ. ಮೂರು ನೀರು. ಮೊದಲನೇ ನೀರು ಇದ್ದಿಲ ಹಾಗೆ ಬಂತು. ಕಂಕುಳ ಹತ್ತಿರ ಹರಿದಿದ್ದನ್ನ ಹೊಲಿಯೋಕೆ ಕೊಟ್ರಿ, ಆ ನಾತಕ್ಕೆ ನನ್ನ ಸೂಜಿಗೇ ತಲೆ ತಿರುಗ್ತಿತ್ತು."

ಅವರು ಜಾಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತೋಳು ಕತ್ತರಿಸಿದ ಹಳೆಯ ಜೀನ್ಸ್ ಜಾಕೆಟ್ಟು ಅದು. ಮೈತುಂಬಾ ತೇಪೆ: ತಲೆಬುರುಡೆ, ಬೆಂಕಿ, ಮುಳ್ಳಿನ ಹಾಗಿರುವ ಅಕ್ಷರ. ಒಂದೊಂದು ತೇಪೆಯ ಹೊಲಿಗೆಯೂ ಕೋಳಿ ಕೆದಕಿದ ಹಾಗಿತ್ತು. ಅವರು ಹೊರಗಡೆ ನೋಡಲೇ ಇಲ್ಲ. ಒಳಗಡೆ ತಿರುಗಿಸಿದರು. ಬೆನ್ನಿಗೆ ಒಳಗಿನಿಂದ ಬಿಳಿ ಬಟ್ಟೆಯೊಂದನ್ನು ಹಚ್ಚಿದ್ದರು. ಅದರ ಮೇಲೆ ಶಾಯಿಯಲ್ಲಿ ಏನೋ ಗೀಚಿದ್ದು ನನಗೂ ಕಂಡಿತ್ತು. ಈಗ ಅಲ್ಲಿ ಅಕ್ಷರವಿರಲಿಲ್ಲ. ಸಂಜೆಯ ಮೋಡದ ಹಾಗೆ ನೀಲಿ ಹರಡಿಕೊಂಡಿತ್ತು.

"ಇಪ್ಪತ್ತೆರಡು ವರ್ಷ ನಾನು ಬಾರಿಸಿದ ಒಂದೊಂದು ಶೋನೂ ಇಲ್ಲಿ ಬರೆದಿದ್ದೆ," ಅಂದರು. "ಇಂಥ ಜಾಕೆಟ್ ಯಾರೂ ತೊಳೆಯೋದಿಲ್ಲ ಮೇಡಂ. ಮೆಟಲ್ ಸಂಗೀತ ಕೇಳೋರು ಯಾರೂ ತೊಳೆಯೋದಿಲ್ಲ."

"ಯಾಕೆ, ನಿಮ್ಮ ಕಡೆ ನಲ್ಲೀಲಿ ನೀರು ಬರಲ್ವಾ?"

ಬಾಯಿಂದ ಬಿದ್ದ ಮೇಲೆ ನನಗೇ ಚುರ್ರೆಂದಿತು. ಅವರು ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ, ಅದು ನನಗೆ ಸಲೀಸು. ಆದರೆ ಆ ಮನುಷ್ಯ ನೀಲಿ ಬಟ್ಟೆಯ ಮೇಲೆ ಬೆರಳಾಡಿಸುತ್ತಾ ನಿಂತುಬಿಟ್ಟರು. ಉದ್ದ ಕೂದಲು, ಅದರಲ್ಲಿ ಅರ್ಧ ಬಿಳಿ. ಎದೆಯ ಜೇಬಿನಲ್ಲಿ ಸ್ಪ್ಯಾನರ್. ಎದುರಿನ ಕಟ್ಟಡದ ಲಿಫ್ಟ್ ರಿಪೇರಿ ಮಾಡುವವರು ಅಂತ ಮಾತ್ರ ಗೊತ್ತಿತ್ತು. ಆ ಕೂದಲ ಹಿಂದೆ ಒಬ್ಬ ಡ್ರಮ್ಮರ್ ಇದ್ದಾನೆ ಅಂತ ಗೊತ್ತಿರಲಿಲ್ಲ.

ಕ್ಷಮೆ ಕೇಳುವುದು ನನ್ನ ಹುಟ್ಟಿಗೇ ಬಂದಿಲ್ಲ. ಗಂಡನ ಮನೆ ಬಿಟ್ಟು ಬಂದು ಹದಿನೆಂಟು ವರ್ಷವಾಯಿತು. ಅಲ್ಲೂ ಕೇಳಲಿಲ್ಲ, ಇಲ್ಲೂ ಕೇಳಿಲ್ಲ. ಅದಕ್ಕೇ, "ಏನೇನು ಬರೆದಿದ್ರಿ ಹೇಳಿ. ದಾರದಲ್ಲಿ ಹೊಲಿದು ಕೊಡ್ತೀನಿ. ದಾರ ನೀರಿಗೆ ಹೋಗಲ್ಲ," ಅಂದೆ.

"ಎಲ್ಲಾ ನೆನಪಿಲ್ಲ."

"ಕೂತು ನೆನಪು ಮಾಡ್ಕೊಳ್ಳಿ. ಮಧ್ಯಾಹ್ನ ಒಂದರಿಂದ ಎರಡು ನನ್ನ ಅಂಗಡಿಗೆ ಗಿರಾಕಿ ಬರಲ್ಲ."

ಮಾರನೇ ದಿನ ಒಂದು ಗಂಟೆಗೆ ಸರಿಯಾಗಿ ಬಂದರು, ಊಟದ ಡಬ್ಬಿ ಹಿಡಿದುಕೊಂಡು.

ನನ್ನ ಅಂಗಡಿ ಮಹಡಿ ಮೆಟ್ಟಿಲ ಕೆಳಗಿದೆ. ಮಧ್ಯಾಹ್ನದ ಬಿಸಿಲು ಮೆಟ್ಟಿಲ ಸಂದಿಯಿಂದ ಪಟ್ಟಿ ಪಟ್ಟಿಯಾಗಿ ಇಳಿದು ಕತ್ತರಿಸಿದ ಬಟ್ಟೆಯ ಮೇಲೆ ಬೀಳುತ್ತದೆ. ಆ ಪಟ್ಟಿಗಳ ನಡುವೆ ಸ್ಟೂಲ್ ಎಳೆದುಕೊಂಡು ಅವರು ಕೂತರು. ನಾನು ಜಾಕೆಟ್ಟಿನ ಒಳಬಟ್ಟೆಯನ್ನು ಬಿಚ್ಚಿ ಕಸೂತಿ ಫ್ರೇಮಿಗೆ ಹಾಕಿದೆ.

"ಮೊದಲನೇದು ಹೇಳಿ."

"ಹತ್ತಿ ಗೋದಾಮು. ಕರೆಂಟ್ ಹೋಯಿತು, ನಾವು ನಿಲ್ಲಿಸಲಿಲ್ಲ."

"ಕರೆಂಟ್ ಇಲ್ಲದೆ ಗಿಟಾರ್ ಹೇಗೆ ಕೇಳಿಸ್ತು?"

"ಕೇಳಿಸಲಿಲ್ಲ. ನನ್ನ ಡ್ರಮ್ ಒಂದೇ. ಜನ ಬಾಯಲ್ಲೇ ಗಿಟಾರ್ ಬಾರಿಸಿದರು."

ನಗು ಬಂತು. ತಲೆ ತಗ್ಗಿಸಿಕೊಂಡು ಹೊಲಿದೆ. ಎರಡನೆಯದು: ಕಾಲೇಜು ಮೈದಾನ, ಹನ್ನೊಂದು ಜನ, ಒಂದು ನಾಯಿ. ಮೂರನೆಯದು: ಸೇತುವೆ ಕೆಳಗೆ, ಪೊಲೀಸರು ಬಂದರು, ಅದರಲ್ಲಿ ಒಬ್ಬರು ತಲೆ ಕುಣಿಸಿದರು.

ದಿನಕ್ಕೆ ಎರಡು ಸಾಲು. ಕೆಲವು ದಿನ ಒಂದೇ. ಅವರು ಹೇಳುತ್ತಾ ಹೇಳುತ್ತಾ ಬೆರಳಲ್ಲಿ ನನ್ನ ಮೇಜಿನ ಅಂಚು ತಟ್ಟುತ್ತಿದ್ದರು. ಒಂದು ದಿನ ಅರ್ಜೆಂಟು ಲಂಗವೊಂದಕ್ಕೆ ಅಂಚು ಹಾಕುತ್ತಾ ಮಷೀನು ತುಳಿಯುತ್ತಿದ್ದೆ. ಅವರ ಬೆರಳು ನಿಂತುಹೋಯಿತು. ನೋಡಿದರೆ ಅವರ ಕಣ್ಣು ನನ್ನ ಪಾದದ ಮೇಲಿತ್ತು.

"ಏನ್ರೀ ನೋಡ್ತಿದೀರಿ?"

"ಕಾಲು. ಅಯ್ಯೋ, ಹಾಗಲ್ಲ ಮೇಡಂ! ತುಳಿಯೋದು ನೋಡ್ತಿದ್ದೆ." ಕಿವಿ ಕೆಂಪಾಗಿತ್ತು. "ನನಗೂ ಎರಡು ಪೆಡಲ್ ಇದೆ. ಕೆಳಗಿನ ದೊಡ್ಡ ಡ್ರಮ್ಮಿಗೆ. ಎರಡೂ ಕಾಲಲ್ಲಿ ಹೊಡೀಬೇಕು. ನಿಮ್ಮ ಹಾಗೆ ಒಂದೇ ಸಮ ಬರೋದಕ್ಕೆ ನನಗೆ ಆರು ವರ್ಷ ಹಿಡೀತು."

ಕಿವಿಗೆ ಹಾಕುವ ವೈರಿನ ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತಾವಿಟ್ಟುಕೊಂಡರು. ವೈರು ಗಿಡ್ಡ. ಅವರ ಭುಜ ನನ್ನ ಭುಜಕ್ಕೆ ಒಂದು ಗೇಣು ದೂರ. ಕಬ್ಬಿಣದ ಬೀರು ಮೆಟ್ಟಿಲಿಳಿದು ಉರುಳಿದಂಥ ಸದ್ದು ಬಂತು.

"ಇದಕ್ಕೆ ಹಾಡು ಅಂತಾರಾ?"

"ಹಾಡು ಬಿಡಿ. ಕೆಳಗಡೆ ಕೇಳಿ. ಎಲ್ಲದರ ಕೆಳಗಡೆ."

ಕಣ್ಣು ಮುಚ್ಚಿದೆ. ಆ ಗದ್ದಲದ ತಳದಲ್ಲಿ, ಒಂದು ಎಳೆಯೂ ತಪ್ಪದೆ, ಯಾರೋ ಉದ್ದಾನುದ್ದ ಬಟ್ಟೆಗೆ ನೇರ ಹೊಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಮೇಲೆ ಬಿರುಗಾಳಿ, ಕೆಳಗೆ ಹೊಲಿಗೆ. ಬಟ್ಟೆ ಮುಗಿಯದೆ, ದಾರ ಕಡಿಯದೆ ಹೋಗುತ್ತಲೇ ಇತ್ತು. ನಾನೂ ಅದರ ಜೊತೆ ಎಲ್ಲಿಗೋ ಹೋದೆ. ಕಣ್ಣು ಬಿಟ್ಟಾಗ ಹಾಡು ಮುಗಿದಿತ್ತು. ಅವರು ನನ್ನನ್ನೇ ನೋಡುತ್ತಿದ್ದವರು ಚಟ್ಟನೆ ಸೂಜಿಡಬ್ಬಿ ನೋಡತೊಡಗಿದರು. ನನ್ನ ಕಾಲು ಪೆಡಲಿನ ಮೇಲೆ ತಾನಾಗಿ ಆಡುತ್ತಿತ್ತು.

ಅವತ್ತು ಅವರು ಹೋದ ಮೇಲೆ ಬಟ್ಟೆಯ ಮೇಲೆ ಎಷ್ಟು ಜಾಗ ಉಳಿದಿದೆ ಅಂತ ಬೆರಳಲ್ಲಿ ಅಳೆದೆ. ಒಂದೂವರೆ ಗೇಣು. ಅದು ತುಂಬಿದರೆ ಆ ಮನುಷ್ಯ ಜಾಕೆಟ್ ತೊಟ್ಟುಕೊಂಡು ಹೋಗುತ್ತಾರೆ. ಮತ್ತೆ ಇತ್ತ ಬರುವುದಕ್ಕೆ ಏನಿದೆ? ನನ್ನ ಬಾಯಿಗೆ ಹೆದರದೆ ಹತ್ತಿರ ಬಂದು ಕೂರುವವರು ಹದಿನೆಂಟು ವರ್ಷದಲ್ಲಿ ಒಬ್ಬರೂ ಇರಲಿಲ್ಲ.

ಕತ್ತರಿಯ ತುದಿಯಿಂದ ಕೊನೆಯ ಸಾಲನ್ನು ಬಿಚ್ಚಿಬಿಟ್ಟೆ.

ಮಾರನೇ ದಿನ ಅವರು ಹುಡುಕಿದರು. "ನಿನ್ನೆ ಇಲ್ಲಿ ಇನ್ನೊಂದು ಸಾಲು ಇತ್ತಲ್ಲ?"

"ದಾರ ಸರಿ ಕೂತಿರಲಿಲ್ಲ. ಬಿಚ್ಚಿದೆ."

"ಹೌದೌದು, ಸರಿ ಕೂತಿರಲಿಲ್ಲ," ಅಂದರು. ಹೊಲಿಗೆಯ ಗಂಧವೇ ಇಲ್ಲದ ಮನುಷ್ಯ!

ನಮ್ಮತ್ತಿಗೆಯ ಕಣ್ಣು ತಪ್ಪಿಸುವುದು ಸುಲಭವಲ್ಲ. ಮಹಡಿ ಮೇಲೆ ಅಣ್ಣನ ಮನೆ, ಸಂಜೆ ಗುಂಡಿ ಹಚ್ಚಲು ಕೆಳಗೆ ಬರುತ್ತಾಳೆ. "ಏನೇ ಇದು? ಮಧ್ಯಾಹ್ನ ಹೊಲಿಯೋದು, ಸಂಜೆ ಬಿಚ್ಚೋದು?"

"ನೀನು ಸುಮ್ನೆ ಗುಂಡಿ ಹಚ್ಚು ಅತ್ತಿಗೆ."

"ಹಚ್ತೀನಮ್ಮ. ನಂದು ಹಚ್ಚಿದ್ರೆ ನಿಲ್ಲುತ್ತೆ. ನೀನು ಹಚ್ಚಿಕೊಂಡಿರೋದು ನೋಡ್ಕೋ."

ಬರಬರುತ್ತಾ ಅವರ ಶೋಗಳು ಚೆಂದವಾಗತೊಡಗಿದವು. ಮೊದಲು ಗೋದಾಮು, ಸೇತುವೆ, ಶೆಡ್ಡು. ಆಮೇಲೆ ಬೆಟ್ಟದ ತುದಿ, ಮಂಜಿನಲ್ಲಿ ಡ್ರಮ್ಮಿನ ಹಿತ್ತಾಳೆ ತಾಳ ಮಾತ್ರ ಹೊಳೆಯುತ್ತಿತ್ತು. ಆಮೇಲೆ ಸಮುದ್ರದ ದಂಡೆ, ದೀಪಸ್ತಂಭ, ಅಲೆಗಳೇ ಲಯ ತಪ್ಪದೆ ಬಂದವು. ನಾನು ಹೊಲಿಯುತ್ತಾ ಅಲ್ಲೇ ಇರುತ್ತಿದ್ದೆ. ಉಪ್ಪಿನ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಒಂದೇ ತೊಂದರೆ. ಈ ಹೊಸ ಸಾಲುಗಳಲ್ಲಿ ಒಬ್ಬಳು ಹೆಂಗಸು ಬರತೊಡಗಿದಳು.

"ಮುಂದಿನ ಸಾಲಲ್ಲಿ ಒಬ್ಬಳು ಕೈಕಟ್ಟಿ ನಿಂತಿದ್ದಳು," ಅಂತ ಹೇಳಿ ಬರೆಸಿದರು.

"ಯಾರು?"

"ಗೊತ್ತಿಲ್ಲ. ಸಿಟ್ಟಿನವಳು. ಎಲ್ಲರೂ ಕುಣೀತಿದ್ರೆ ಅವಳು ನನ್ನ ಕೈ ಎಲ್ಲಿ ತಪ್ಪುತ್ತೆ ಅಂತ ನೋಡ್ತಿದ್ದಳು."

"ಬೆಟ್ಟದ ಮೇಲೂ ಇದ್ದಳು, ಇಲ್ಲೂ ಬಂದಳಾ?"

"ಬಂದಳು."

"ಮನೆ ಮಠ ಇಲ್ವಾ ಅವಳಿಗೆ?"

ಅವರು ತುಟಿ ಬಿಗಿಹಿಡಿದು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತರು. ಅವಳನ್ನು ಹೊಲಿಯುವಾಗ ಎರಡು ಸಲ ಬೆರಳು ಚುಚ್ಚಿಕೊಂಡೆ.

ಹೀಗಿರುವಾಗ ಒಂದು ಶುಕ್ರವಾರ ಸಂಜೆ ಅವರ ಬ್ಯಾಂಡಿನ ಬೇಸ್ ಗಿಟಾರಿನವನು ಬಂದ. ಎಲ್ಲರೂ ಉದ್ದಣ್ಣ ಅನ್ನುತ್ತಾರೆ. ನನ್ನ ಬಾಗಿಲಿಗೆ ಬಗ್ಗಿಯೂ ತಲೆ ಬಡಿಸಿಕೊಂಡ. ಮಾರನೇ ದಿನ ಲಾರಿ ನಿಲ್ಲಿಸುವ ಮೈದಾನದಲ್ಲಿ ಅವರ ಶೋ. ಗಿಟಾರಿನ ಬೆಲ್ಟು ಕಿತ್ತಿತ್ತು. ನಾನು ಬೆಲ್ಟು ಹೊಲಿಯುವಷ್ಟರಲ್ಲಿ ಫ್ರೇಮು ಎತ್ತಿಕೊಂಡು ಓದತೊಡಗಿದ. ಮೊದಮೊದಲು ಕಣ್ಣು ಒರೆಸಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಸಮುದ್ರಾನಾ? ಅಕ್ಕಾ, ನಾವು ಸಮುದ್ರ ನೋಡಿರೋದು ಕ್ಯಾಲೆಂಡರಿನಲ್ಲಿ! ಈ ಬೆಟ್ಟ ಯಾವುದು? ಇಲ್ಲಿ ಬರೆಸಿರೋ ವರ್ಷ ಅವನ ಕೈ ಮುರಿದು ಆರು ತಿಂಗಳು ಪ್ಲಾಸ್ಟರಲ್ಲಿ ಇದ್ದ. ನಾವು ಹೊಡೆದಿರೋದೇ ಇಪ್ಪತ್ತೊಂಬತ್ತು ಶೋ. ಇಲ್ಲಿ ನಲವತ್ತಾಗಿದೆಯಲ್ಲ!"

ಮೈಯೆಲ್ಲಾ ಉರಿದುಹೋಯಿತು. ಆ ದೀಪಸ್ತಂಭದ ಪಕ್ಕ ನಾನು ಎಷ್ಟು ಮಧ್ಯಾಹ್ನ ನಿಂತಿದ್ದೆ! ಎಲ್ಲಾ ಬುರುಡೆ. ಇವಳು ಸೂಜಿ ಹಿಡಿದವಳು, ಏನು ಹೇಳಿದರೂ ಹೊಲಿಯುತ್ತಾಳೆ ಅಂತ ಆಡಿಸಿದ್ದಾನೆ. ಅವತ್ತೇ ಬಟ್ಟೆಯನ್ನು ಜಾಕೆಟ್ಟಿಗೆ ವಾಪಸು ಹಚ್ಚಿದೆ. ಶನಿವಾರ ಅಂಗಡಿ ಬಾಗಿಲು ಎಳೆದು, ಜಾಕೆಟ್ಟು ಅವರ ಮುಖಕ್ಕೆ ಎಸೆದು ಬರುತ್ತೇನೆ ಅಂತ ಹೊರಟೆ.

ಮೈದಾನದಲ್ಲಿ ಇಳಿಬಿಸಿಲು. ಎಲ್ಲರದೂ ಕಪ್ಪು ಅಂಗಿ. ಗಿಟಾರು ಶುರುವಾದದ್ದು ಕಿವಿಗಲ್ಲ, ಪಕ್ಕೆಲುಬಿಗೆ ಕೇಳಿಸಿತು. ನಡುವೆ ಹುಡುಗ ಹುಡುಗಿಯರು ಸುತ್ತು ಕಟ್ಟಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುತ್ತಿದ್ದರು. ನಾನು ಬೇರೆ ದಾರಿ ಹುಡುಕುವವಳಲ್ಲ, ಅದರೊಳಗೇ ನುಗ್ಗಿದೆ. ಮೂರೇ ಹೆಜ್ಜೆ. ಯಾರದೋ ಭುಜ ತಾಗಿ ದಡಕ್ಕನೆ ಬಿದ್ದೆ.

ತುಳಿದುಹಾಕುತ್ತಾರೆ ಅಂದುಕೊಂಡೆ. ಕಣ್ಣು ಮಿಟುಕಿಸುವುದರೊಳಗೆ ಸುತ್ತು ನಿಂತಿತ್ತು. ಎಂಟು ಕೈ ನನ್ನನ್ನು ಎತ್ತಿ ನಿಲ್ಲಿಸಿದವು.

"ಅಕ್ಕಾ, ಏಟಾಯ್ತಾ?"

"ಲೋ, ಅಕ್ಕನ ಚಪ್ಪಲಿ ಹುಡುಕ್ರೋ!"

ತಲೆಬುರುಡೆ ಹಚ್ಚೆಯ ಕೈಯೊಂದು ನನ್ನ ಚಪ್ಪಲಿಯನ್ನು ಜನದ ಮೇಲೆ ಎತ್ತಿ ಹಿಡಿದಿತ್ತು. ಇನ್ನೊಬ್ಬಳು ಜಾಕೆಟ್ಟಿನ ಧೂಳು ಕೊಡವಿ ಕೊಟ್ಟಳು. ದಾರಿ ಬಿಟ್ಟು ಮುಂದಿನ ಸಾಲಿಗೆ ನನ್ನನ್ನು ಮದುವಣಗಿತ್ತಿಯ ಹಾಗೆ ಕಳಿಸಿದರು. ಮತ್ತೆ ಡಿಕ್ಕಿ ಶುರು.

ವೇದಿಕೆಯ ಹಿಂದೆ ಸೂರ್ಯ ಇಳಿಯುತ್ತಿದ್ದ. ಆ ಕೆಂಪಿನಲ್ಲಿ ಅವರು ಕೂತಿದ್ದರು. ಕೂದಲು ಬಿಚ್ಚಿತ್ತು, ಕೈಗಳು ಕಾಣುತ್ತಲೇ ಇರಲಿಲ್ಲ. ಎಲ್ಲಾ ಗದ್ದಲದ ಕೆಳಗೆ ಆ ನೇರ ಹೊಲಿಗೆ ಹೊರಟಿತ್ತು. ಜಾಕೆಟ್ಟು ಎದೆಗೊತ್ತಿಕೊಂಡು, ಎಲ್ಲಿ ತಪ್ಪುತ್ತಾರೋ ನೋಡೇ ಬಿಡೋಣ ಅಂತ ನಿಂತೆ.

ಅವರು ತಲೆ ಎತ್ತಿದರು. ನನ್ನನ್ನು ಕಂಡರು. ಆ ಮುಖ ಹೇಗಾಯಿತು ಅಂತ ಹೇಳಲಿ? ಕತ್ತಲ ಕೋಣೆಯ ಕಿಟಕಿ ತೆಗೆದ ಹಾಗೆ. ಅವರ ನೋಟ ನನ್ನ ಮುಖದಿಂದ ಇಳಿದು ಕೈಯ ಮೇಲೆ ನಿಂತಿತು. ನಾನೂ ನನ್ನ ಕೈ ನೋಡಿಕೊಂಡೆ.

ಕೈಕಟ್ಟಿ ನಿಂತಿದ್ದೆ. ಮುಂದಿನ ಸಾಲಲ್ಲಿ. ಸಿಟ್ಟಿನ ಮುಖ ಹೊತ್ತುಕೊಂಡು.

ಬೆಟ್ಟದಲ್ಲೂ ಸಮುದ್ರದಲ್ಲೂ ನಾನು ಹೊಟ್ಟೆಕಿಚ್ಚಿನಿಂದ ಹೊಲಿದವಳು ಯಾರು ಅಂತ ತಿಳಿಯಲು ಇಷ್ಟು ದೂರ ಬಂದು ಬೀಳಬೇಕಾಯಿತು. ನನ್ನ ದಡ್ಡತನಕ್ಕೆ ಏನನ್ನಲಿ. ಕಾಲ ಕೆಳಗೆ ನೆಲ ಮೆಲ್ಲಗೆ ಅಲೆಯ ಹಾಗೆ ಏರಿಳಿಯುತ್ತಿತ್ತು.

ಹಾಡು ಮುಗಿಯಿತು. ಅವರು ವೇದಿಕೆಯಿಂದ ಇಳಿದು ನೇರ ನನ್ನ ಮುಂದೆ ಬಂದರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಎಸೆಯಬೇಕಾದ ಜಾಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದೆ.

"ತಪ್ಪಾಯ್ತು," ಅಂದೆ. ಗಂಟಲಿನಿಂದ ಮುಳ್ಳು ಕಿತ್ತ ಹಾಗಾಯಿತು.

"ಏನು?" ಅಂದರು, ಕಿವಿ ಮುಂದೆ ಮಾಡಿ. ಎರಡೂ ಕಿವಿಯಲ್ಲಿ ಹತ್ತಿ.

"ಜಾಕೆಟ್ ತೊಳೆದದ್ದು ತಪ್ಪಾಯ್ತು!"

"ಏನು?"

ಹಾಳಾಗಿ ಹೋಗಲಿ ಅಂತ ಹೊಟ್ಟೆಯಿಂದ ಕೂಗಿದೆ. "ತೊಳೆದದ್ದು ತಪ್ಪಾಯ್ತು ಕಣ್ರೀ! ದಾರ ಚೆನ್ನಾಗೇ ಕೂತಿತ್ತು! ನೀವು ನಾಳೆನೂ ಬರ್ಲಿ ಅಂತ ನಾನೇ ಬಿಚ್ಚಿದ್ದು! ಇನ್ಮೇಲೆ ಸಮುದ್ರ ಬೆಟ್ಟ ಅಂತ ಸುಳ್ಳು ಹೇಳ್ಬೇಡಿ! ಸುಮ್ನೆ ಬನ್ನಿ! ದಿನಾ ಬನ್ನಿ!"

ಹಾಳಾದ್ದು, ಅದೇ ಹೊತ್ತಿಗೆ ಮೈದಾನ ನಿಶ್ಶಬ್ದವಾಗಿತ್ತು. ಕಪ್ಪು ಅಂಗಿಗಳೆಲ್ಲ ತಿರುಗಿದವು. ಚಪ್ಪಲಿ ಹುಡುಕಿಕೊಟ್ಟವನು ಎರಡು ಬೆರಳು ಕೊಂಬಿನ ಹಾಗೆ ಎತ್ತಿ ಹೋ ಎಂದ. ನೂರಾರು ಕೊಂಬು ಎದ್ದವು.

ಅವರು ನಿಧಾನವಾಗಿ ಒಂದು ಕಿವಿಯ ಹತ್ತಿ ತೆಗೆದರು. ಆಮೇಲೆ ಇನ್ನೊಂದರದು.

"ಮೊದಲನೇ ಸಲಾನೇ ಕೇಳಿಸಿತ್ತು," ಅಂದರು.

ಜಾಕೆಟ್ಟಿನಿಂದಲೇ ಎರಡು ಬಾರಿಸಿದೆ. ಮೂರನೆಯದಕ್ಕೆ ಅದರ ತುದಿ ಹಿಡಿದುಕೊಂಡರು. ಬಿಡಲಿಲ್ಲ, ಎಳೆಯಲೂ ಇಲ್ಲ. ನಮ್ಮಿಬ್ಬರ ನಡುವೆ ಅದು ಹಾಗೇ ಇತ್ತು.

"ಬಿಚ್ಚಿದ್ದು ನನಗೂ ಗೊತ್ತಿತ್ತು," ಅಂದರು ಮೆಲ್ಲಗೆ. "ನಿಮ್ಮ ದಾರ ಯಾವತ್ತು ಸರಿ ಕೂತಿಲ್ಲ ಹೇಳಿ. ಅದಕ್ಕೇ ನನಗೆ ಧೈರ್ಯ ಬಂದದ್ದು, ಇನ್ನೊಂದಷ್ಟು ಶೋ ಕಟ್ಟೋದಕ್ಕೆ."

"ಆ ಹೆಂಗಸಿಗೆ ಸಿಟ್ಟು ಜಾಸ್ತಿ. ನೆನಪಿರ್ಲಿ."

"ನೋಡ್ಕೊಂಡೇ ಬರೆಸಿದ್ದು."

ಎಲ್ಲಿ ನೋಡಬೇಕೋ ತಿಳಿಯದೆ ಅವರ ಅಂಗೈ ನೋಡಿದೆ. ಹೆಬ್ಬೆರಳ ಬುಡದಲ್ಲಿ ಕೋಲು ಉಜ್ಜಿ ಗಟ್ಟಿಯಾದ ಗುಳ್ಳೆ.

"ನಾಳೆ ಒಂದು ಗಂಟೆಗೆ?" ಅಂದರು.

"ನಾಳೆ ಭಾನುವಾರ. ಅಂಗಡಿ ಇಲ್ಲ."

"ಸರಿ. ಹಾಗಾದ್ರೆ ಸೋಮವಾರ."

"ಮಹಡಿ ಮೇಲೆ ಮನೆ ಇದೆಯಲ್ಲ, ನಾಳೆನೇ ಅಲ್ಲಿಗೆ ಬನ್ನಿ. ಅಣ್ಣ ನಾಲ್ಕು ಪ್ರಶ್ನೆ ಕೇಳ್ತಾನೆ. ಅತ್ತಿಗೆ ನಲವತ್ತು ಕೇಳ್ತಾಳೆ."

"ನೀವು?"

"ನಾನು ಕೇಳೋದೆಲ್ಲ ಮುಗೀತು," ಅಂದೆ. ಜಾಕೆಟ್ಟು ಬಿಟ್ಟು ಆ ಕೈ ಹಿಡಿದುಕೊಂಡೆ.